ಅಟ್ಟದ ಗುಜರಿ ಶಾಲೆಗೆ ಕಳಿಸಿ

ಪ್ರಿಯ ಪೋಷಕರೇ, ನಮಸ್ಕಾರ.

ಈ ವಾರ ನಿಮ್ಮ ಮಕ್ಕಳು ಹಳೇ ಸೈಕಲ್ ಚೈನ್, ತುಕ್ಕು ಹಿಡಿದ ಗೇರ್ ಅಂತ ಅಟ್ಟ ತಡಕಾಡಿದರೆ ಬೈಯಬೇಡಿ, ತರಲು ಹೇಳಿದ್ದು ನಾವೇ. ಒಂಬತ್ತನೇ ತರಗತಿಯವರು ಇಂಥವುಗಳಿಂದಲೇ ಮೇಜಿನ ದೀಪ ಮಾಡುತ್ತಾರೆ. ನೋಡಲು ಶಿಲ್ಪದ ಹಾಗಿರಬೇಕು, ಓದಲು ಬೆಳಕೂ ಕೊಡಬೇಕು.

ಫ್ರೀವೀಲ್, ಪೆಡಲ್, ಬೇರಿಂಗ್, ಹೊಲಿಗೆ ಮಿಷನ್ನಿನ ಚಕ್ರ, ಸ್ಕೂಟರ್ ಹೆಡ್‌ಲೈಟಿನ ಖಾಲಿ ಡೂಮ್ ಎಲ್ಲ ಆಗುತ್ತದೆ. ಗ್ಯಾರೇಜ್ ಇರುವವರು ಸವೆದ ಬ್ರೇಕ್ ಡಿಸ್ಕ್ ಕೊಟ್ಟರೆ ದೊಡ್ಡ ಉಪಕಾರ, ಯಾಕೆಂದರೆ ಕತ್ತು ಮುಂದಕ್ಕೆ ಚಾಚಿದ ದೀಪಕ್ಕೆ ತಳ ಭಾರ ಇರಲೇಬೇಕು, ಇಲ್ಲದಿದ್ದರೆ ಮಗುಚಿ ಬೀಳುತ್ತದೆ. ಗುರುತ್ವ ಕೇಂದ್ರದ ಪಾಠವನ್ನು ಬೋರ್ಡಿನ ಮೇಲೆ ಬರೆದು ಬರೆದು ನಮಗೂ ಸಾಕಾಗಿದೆ, ದೀಪ ಎರಡು ಸಲ ಬಿದ್ದರೆ ತಾನಾಗೇ ಅರ್ಥವಾಗುತ್ತದೆ ಅಲ್ವಾ? ಸ್ಪ್ರಿಂಗ್ ಇದ್ದರೆ ಮರೆಯದೆ ಕಳಿಸಿ. ಬೇಕಾದ ಕಡೆ ಬಗ್ಗಿಸಿ ನಿಲ್ಲಿಸುವ ಸ್ಪ್ರಿಂಗ್ ದೀಪವನ್ನು 1932ರಲ್ಲಿ ರೂಪಿಸಿದ ಇಂಗ್ಲೆಂಡಿನ ಜಾರ್ಜ್ ಕಾರ್ವರ್ಡೀನ್ ಕಾರಿನ ಸಸ್ಪೆನ್ಷನ್, ಅಂದರೆ ಕುಲುಕಾಟ ತಡೆಯುವ ಸ್ಪ್ರಿಂಗ್ ಜೋಡಣೆಯ ಕೆಲಸದವರು!

ಕೆಲವು ಮಾತ್ರ ಖಂಡಿತ ಬೇಡ. ಹಳೇ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಉಜ್ಜಿದರೆ ಆ ಪುಡಿ ಎದೆಗೆ ಹೋಗುತ್ತದೆ. ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ. ಬ್ಯಾಟರಿಯೂ ಬೇಡ.

ಕರೆಂಟಿನ ವಿಷಯ. ಮಕ್ಕಳು 230 ವೋಲ್ಟಿನ ವೈರ್ ಮುಟ್ಟುವುದಿಲ್ಲ. ಮೊಬೈಲ್ ಚಾರ್ಜರಿಗೆ ಸಿಕ್ಕಿಸುವ 5 ವೋಲ್ಟಿನ ಎಲ್‌ಇಡಿ ಅಷ್ಟೇ ಹಾಕುತ್ತೇವೆ. ಆದರೂ ಕಬ್ಬಿಣದ ತೂತಿನ ಚೂಪು ಅಂಚು ವೈರಿನ ಸಿಪ್ಪೆ ಕೊಯ್ದುಬಿಡುತ್ತದೆ, ಅದಕ್ಕೇ ಪ್ರತಿ ತೂತಿಗೂ ರಬ್ಬರ್ ಬುಷ್ ಹಾಕಿಸುತ್ತೇವೆ. ಡ್ರಿಲ್ಲಿಂಗ್ ಮೇಷ್ಟ್ರೇ ಮಾಡುತ್ತಾರೆ. ಅರ ಹಾಕಿ ಉಜ್ಜುವುದು, ನಟ್ಟು ಬೋಲ್ಟು ಬಿಗಿಯುವುದು ಮಕ್ಕಳ ಕೆಲಸ, ಕೈ ಕಪ್ಪಾಗುತ್ತದೆ, ಆಗಲಿ ಬಿಡಿ. ಹಳೇ ಬಟ್ಟೆ ಹಾಕಿ ಕಳಿಸಿ, ಕಾಲಿಗೆ ಚಪ್ಪಲಿ ಬೇಡ, ಶೂ ಇರಲಿ.

ಮನೆಯಲ್ಲೇ ತುಕ್ಕು ತೆಗೆದು ಹೊಳಪು ಕೊಟ್ಟು ಕಳಿಸಬೇಡಿ. ಸಡಿಲ ತುಕ್ಕನ್ನು ಇಲ್ಲೇ ವೈರ್ ಬ್ರಷ್‌ನಲ್ಲಿ ಉಜ್ಜಿ ಮೇಲೆ ವಾರ್ನಿಷ್ ಹೊಡೆದರೆ ಆ ಕೆಂಗಂದು ಬಣ್ಣ ಹಾಗೇ ನಿಲ್ಲುತ್ತದೆ, ನನಗಂತೂ ಹೊಸ ಪೇಂಟಿಗಿಂತ ಅದೇ ಇಷ್ಟ. ವೆಲ್ಡಿಂಗ್ ಅಂಗಡಿಯಲ್ಲಿ ದೀಪವನ್ನೇ ಮಾಡಿಸಿ ಕಳಿಸುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ನೋಡಿದ ಕೂಡಲೇ ನಮಗೆ ಗೊತ್ತಾಗುತ್ತದೆ. ಡೊಂಕಾದರೂ ಮಕ್ಕಳದೇ ಇರಲಿ.

ಸಾಮಾನನ್ನು ಶನಿವಾರ ಬೆಳಗ್ಗೆ ಆಫೀಸಿನ ಪಕ್ಕದ ಕೋಣೆಗೆ ತಲುಪಿಸಿ. ಇನ್ನೂ ಓಡುತ್ತಿರುವ ಅಣ್ಣನ ಸೈಕಲ್ ಬಿಚ್ಚಿ ತಂದವರನ್ನು ಸೈಕಲ್ ಸಮೇತ ವಾಪಸ್ ಕಳಿಸಲಾಗುವುದು.

ಇತಿ ನಿಮ್ಮ,
ಮುಖ್ಯ ಶಿಕ್ಷಕಿ