ಬ್ರೆಡ್ ಟೋಸ್ಟ್ ಆದರೆ ಥರ್ಮೋಸ್ಟಾಟ್ ಸರಿಯಿದೆ ಎಂದಲ್ಲ: ಓವನ್ ಕಂಪನಿಗೊಂದು ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: 28 ಲೀಟರಿನ ಒಟಿಜಿಯ (ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವ ಒಲೆ) ಥರ್ಮೋಸ್ಟಾಟ್, ಅಂದರೆ ಶಾಖ ನಿಯಂತ್ರಕದ ದೋಷ, ವಾರಂಟಿ ಇರುವಾಗಲೇ ವಸೂಲು ಮಾಡಿದ 354 ರೂಪಾಯಿ, ಮತ್ತು ಜಾಬ್ ಕಾರ್ಡಿನಲ್ಲಿ ಬರೆದ ಎರಡು ಪದಗಳು

ಮಾನ್ಯರೇ,

ಟೋಲ್ ಫ್ರೀ ನಂಬರಿಗೆ ಕರೆ ಮಾಡಿದ್ದಾಯಿತು, ಇಮೇಲ್ ಬರೆದದ್ದಾಯಿತು, ಮನೆಗೆ ಬಂದ ಟೆಕ್ನಿಷಿಯನ್‌ಗೆ ಕಾಫಿ ಕೊಟ್ಟದ್ದೂ ಆಯಿತು. ಇನ್ನು ಮಾತೆಲ್ಲ ಕಾಗದದಲ್ಲಿ. ವಾರಂಟಿ ಕಾರ್ಡಿನ ಷರತ್ತುಗಳನ್ನು ಬರೆದವರು ನೀವೇ ಆದ್ದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. 3ನೇ ಷರತ್ತಿನಲ್ಲಿ ಥರ್ಮೋಸ್ಟಾಟ್, ಟೈಮರ್, ಹೀಟಿಂಗ್ ರಾಡ್ ಮೂರೂ ಸೇರಿವೆ, ಬಾಗಿಲ ಗಾಜು ಮತ್ತು ಒಳಗಿನ ದೀಪದ ಬಲ್ಬು ಸೇರಿಲ್ಲ ಎಂಬುದು ನಿಮಗೆ ಬಾಯಿಪಾಠವಿರಬೇಕು. ನಾನು ಗಾಜನ್ನೂ ಕೇಳುತ್ತಿಲ್ಲ, ಬಲ್ಬನ್ನೂ ಕೇಳುತ್ತಿಲ್ಲ.

ಮೊದಲ ದೋಷ ಹೀಗಿತ್ತು. ಡಯಲ್ 180ಕ್ಕೆ ಇಟ್ಟು, ಮೇಲಿನ ಮತ್ತು ಕೆಳಗಿನ ಎರಡೂ ರಾಡ್ ಹಾಕಿ, ಖಾಲಿ ಓವನ್ 20 ನಿಮಿಷ ಕಾದ ಮೇಲೆ ಮಧ್ಯದ ರ್‍ಯಾಕಿನಲ್ಲಿ ಶಾಖ 225 ಡಿಗ್ರಿ. ಥರ್ಮೋಸ್ಟಾಟ್ ಆರಿ ಹತ್ತುವಾಗ ಹತ್ತು ಹದಿನೈದು ಡಿಗ್ರಿ ಆಚೀಚೆ ಆಗುವುದು ಸಣ್ಣ ಓವನ್‌ಗಳ ಸ್ವಭಾವ, ಅದಕ್ಕೆ ಯಾರೂ ದೂರು ಬರೆಯುವುದಿಲ್ಲ. ಇಲ್ಲಿ ಕೆಂಪು ದೀಪ ಆರುವುದು 235ರ ಹತ್ತಿರ, ಮತ್ತೆ ಹತ್ತುವುದು 215ರಲ್ಲಿ. ಏರಿಳಿತ ಸರಿಯಾಗೇ ಇದೆ, ಇಡೀ ಲೆಕ್ಕವೇ 45 ಡಿಗ್ರಿ ಮೇಲಕ್ಕೆ ಹೋಗಿ ಕೂತಿದೆ.

"ನಿಮ್ಮ ಥರ್ಮಾಮೀಟರ್ ಸರಿ ಇಲ್ಲ" ಎಂದು ನಿಮ್ಮ ಕಾಲ್ ಸೆಂಟರಿನವರು ಹೇಳಿಯಾಗಿದೆ. ಕಡ್ಡಿಯ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆ, 97 ತೋರಿಸಿತು. ಹಾಸನ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದು ಸಾವಿರ ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ, 100 ತೋರಿಸಿದ್ದರೆ ಆಗ ಅನುಮಾನ ಪಡಬೇಕಿತ್ತು. ಅದೂ ನಂಬಿಕೆಯಾಗದಿದ್ದರೆ ಸಕ್ಕರೆ ಇದೆ. ಸಕ್ಕರೆ ಕರಗುವುದು 186 ಡಿಗ್ರಿಯಲ್ಲಿ. ಒಂದು ಚಮಚ ಸಕ್ಕರೆಯನ್ನು ಫಾಯಿಲ್ ಬಟ್ಟಲಿನಲ್ಲಿ ಹಾಕಿ, ಕಾದ ಓವನ್ನಿನ ಮಧ್ಯದ ರ್‍ಯಾಕಿನಲ್ಲಿ 15 ನಿಮಿಷ ಇಡಬೇಕು. ಡಯಲ್ 170ರಲ್ಲಿದ್ದರೆ ಹರಳು ಹರಳಾಗಿಯೇ ಇರಬೇಕು, 195ರಲ್ಲಿದ್ದರೆ ಪಾಕವಾಗಬೇಕು. ನಿಮ್ಮ ಓವನ್ನಿನಲ್ಲಿ 170ಕ್ಕೇ ಕಂದು ಪಾಕವಾಯಿತು. ಸಕ್ಕರೆಗೆ ನಿಮ್ಮ ಕಂಪನಿಯ ಮೇಲೆ ದ್ವೇಷವೇನೂ ಇರಲಾರದು.

45 ಡಿಗ್ರಿ ಎಂದರೆ ಏನು ಎಂಬುದನ್ನು ನಿಮ್ಮದೇ ಪಾಕಪುಸ್ತಿಕೆಯ ಮೊಸರಿನ ಕೇಕಿನಿಂದ ನೋಡೋಣ. ಮೈದಾ 190 ಗ್ರಾಂ, ಸಕ್ಕರೆ 150 ಗ್ರಾಂ, ಮೊಸರು 240 ಎಂಎಲ್, ಎಣ್ಣೆ 120 ಎಂಎಲ್, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚೂರು ವೆನಿಲ್ಲಾ, 7 ಇಂಚಿನ ಟಿನ್ನು, 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಒಳ್ಳೆಯ ಪಾಕವೇ, ಅದರ ಬಗ್ಗೆ ತಕರಾರಿಲ್ಲ. ಮೊಟ್ಟೆ ಇಲ್ಲ, ಬೆಣ್ಣೆ ಇಲ್ಲ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರಾದರೆ ಕರೆಂಟೂ ಸೇರಿ ಈಗಿನ ದರದಲ್ಲಿ 60 ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತದೆ. ಆದರೆ 225ರಲ್ಲಿ ಆಗುವುದೇನು? ಸೋಡಾ ಮತ್ತು ಮೊಸರಿನ ಗಾಳಿ ಹಿಟ್ಟನ್ನು ಪೂರ್ತಿ ಎತ್ತುವ ಮೊದಲೇ ಮೇಲಿನ ಪದರ ಗಟ್ಟಿಯಾಗುತ್ತದೆ. ಒಳಗಿನ ಹಸಿ ಹಿಟ್ಟು ದಾರಿ ಕಾಣದೆ ನಡುವೆ ಸೀಳಿಕೊಂಡು ಹೊರಗೆ ಉಕ್ಕುತ್ತದೆ. 20ನೇ ನಿಮಿಷಕ್ಕೆ ಮೇಲೆ ಕರಿ, ಕಡ್ಡಿ ಚುಚ್ಚಿದರೆ ಒಳಗೆ ಹಸಿ. ಫಾಯಿಲ್ ಮುಚ್ಚಿದರೆ ಬಣ್ಣ ಉಳಿದೀತು, ಸೀಳು ಉಳಿಯುತ್ತದೆ.

ನಾನ್‌ಖಟಾಯಿ ಇನ್ನೂ ಸೂಕ್ಷ್ಮ. 100 ಗ್ರಾಂ ಮೈದಾ, 25 ಗ್ರಾಂ ಕಡಲೆಹಿಟ್ಟು, ಒಂದು ಚಮಚ ಚಿರೋಟಿ ರವೆ, 60 ಗ್ರಾಂ ಸಕ್ಕರೆ ಪುಡಿ, 75 ಗ್ರಾಂ ತುಪ್ಪ, ಚಿಟಿಕೆ ಸೋಡಾ, ಏಲಕ್ಕಿ. 160ರಲ್ಲಿ 15ರಿಂದ 18 ನಿಮಿಷ ಸಾಕು. 45 ಡಿಗ್ರಿ ಏರಿದರೆ ಹತ್ತು ನಿಮಿಷದೊಳಗೆ ತಳ ಸೀದು ಕಡಲೆಹಿಟ್ಟು ಕಹಿಯಾಗುತ್ತದೆ, ನಡುಭಾಗ ಬಾಯಲ್ಲಿ ಹಸಿಹಿಟ್ಟಾಗಿ ಅಂಟುತ್ತದೆ. ಖಾರಾ ಬಿಸ್ಕತ್ತಿನಲ್ಲಿ ಮೊದಲು ಸುಡುವುದು ಕರಿಬೇವು ಮತ್ತು ಹಸಿಮೆಣಸಿನಕಾಯಿ. ಹೊರಗೆ ಬಣ್ಣ ಬಂತೆಂದು ತೆಗೆದರೆ ಒಳಗಿನ ನೀರಿನಂಶ ಆರಿರುವುದಿಲ್ಲ, ಮರುದಿನಕ್ಕೆ ಡಬ್ಬಿಯಲ್ಲಿ ಮೆತ್ತಗೆ. ಇನ್ನು ಬಟರ್ ಪೇಪರ್ ಹಾಕಿ ಎಂದು ನೀವೇ ಪುಸ್ತಿಕೆಯಲ್ಲಿ ಬರೆದಿದ್ದೀರಿ. ನಾನು ಬಳಸುವ ರೋಲಿನ ಮೇಲೆ 220 ಡಿಗ್ರಿಯವರೆಗೆ ಎಂದು ಅಚ್ಚಾಗಿದೆ. 180 ಎಂದು ನಂಬಿ 235ಕ್ಕೆ ಕಾಗದ ಒಡ್ಡುವುದು ರುಚಿಯ ಪ್ರಶ್ನೆಯಲ್ಲ, ಸುರಕ್ಷತೆಯದು.

ಇಮೇಲಿಗೆ ನಿಮ್ಮಿಂದ ಬಂದ ಉತ್ತರದಲ್ಲಿ 'ಕನ್ವೆಕ್ಷನ್ ಫ್ಯಾನ್ ಆನ್ ಮಾಡಿ ಬಳಸಿ' ಎಂಬ ಸಲಹೆ ಇತ್ತು. ಈ ಮಾಡೆಲ್ಲಿಗೆ ಫ್ಯಾನೇ ಇಲ್ಲ. ಮಾಡಿದವರಿಗಿಂತ ಕೊಂಡವನಿಗೆ ಇದು ಚೆನ್ನಾಗಿ ಗೊತ್ತಿರುವುದು ವಿಚಿತ್ರ.

ಆಮೇಲೆ ಟೆಕ್ನಿಷಿಯನ್ ಬಂದರು. ಪಕ್ಕದ ತಗಡು ಬಿಚ್ಚಿದಾಗ ಕಾರಣ ಇಬ್ಬರಿಗೂ ಕಂಡಿತು. ಥರ್ಮೋಸ್ಟಾಟಿನಿಂದ ಹೊರಟ ತೆಳು ತಾಮ್ರದ ಕೊಳವೆಯ ತುದಿಯಲ್ಲಿ ಶಾಖ ಅರಿಯುವ ಒಂದು ಬಲ್ಬ್ ಇರುತ್ತದೆ, ಇದು ದೀಪದ ಬಲ್ಬಲ್ಲ. ಒಳಗಿನ ದ್ರವ ಕಾದು ಹಿಗ್ಗಿದಾಗ ಸ್ವಿಚ್ ಬಿಡುತ್ತದೆ. ಆ ಬಲ್ಬ್ ಓವನ್ನಿನ ಒಳಗೋಡೆಯ ಕ್ಲಿಪ್ಪಿನಲ್ಲಿ ಕೂತಿರಬೇಕು. ನಮ್ಮದರಲ್ಲಿ ಕ್ಲಿಪ್ ಬಿಟ್ಟು ಹೊರಗವಚಕ್ಕೆ ಒರಗಿತ್ತು. ತಣ್ಣಗಿನ ಜಾಗದಲ್ಲಿ ಕೂತ ಬಲ್ಬಿಗೆ ಒಳಗೆ ಎಷ್ಟು ಕಾದಿದೆ ಎಂದು ತಡವಾಗಿ ತಿಳಿಯುತ್ತದೆ, ಅದಕ್ಕೇ ಹೆಚ್ಚು ಶಾಖ. ಹೊಸ ಕ್ಲಿಪ್ ಹಾಕಿ, ಶಾಖ ಅಳೆದು ನೋಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಿಮ್ಮವರ ಚೀಲದಲ್ಲಿ ಕ್ಲಿಪ್ಪೂ ಇರಲಿಲ್ಲ, ಥರ್ಮಾಮೀಟರೂ ಇರಲಿಲ್ಲ. ಕೊಳವೆಯನ್ನು ಕೈಯಲ್ಲೇ ಬಗ್ಗಿಸಿ ಬಲ್ಬನ್ನು ಕೆಳಗಿನ ರಾಡಿನ ಪಕ್ಕಕ್ಕೆ ತಳ್ಳಿ, "ಆಯ್ತು ಸಾರ್, ಒಟಿಪಿ ಹೇಳಿ, ಇಲ್ಲಾಂದ್ರೆ ಕಾಲ್ ಕ್ಲೋಸ್ ಆಗಲ್ಲ" ಎಂದರು. ಕಾಲ್ ಕ್ಲೋಸ್ ಆಯಿತು.

ಈಗ ಬಲ್ಬಿಗೆ ರಾಡಿನ ಬಿಸಿ ನೇರ ತಗಲುತ್ತದೆ, ಬೇಗ ಆರುತ್ತದೆ. ಡಯಲ್ 180, ಒಳಗೆ 140. ಕಡಿಮೆ ಶಾಖದ ಕೇಕಿನ ಕಥೆ ಬೇರೆ. ಪಿಷ್ಟ ಬೆಂದು ಗಟ್ಟಿಯಾಗುವ ಮೊದಲೇ ಗಾಳಿ ಸೋರಿ ಹೋಗುತ್ತದೆ. ಒಂದು ಗಂಟೆಯಾದರೂ ಮೇಲೆ ಬಿಳಿಚು, ತಳದಲ್ಲಿ ಹಲ್ವದಂಥ ಪದರ. ನಾನ್‌ಖಟಾಯಿಯ ತುಪ್ಪ ಮೊದಲು ಕರಗಿ, ಹಿಟ್ಟು ಆಮೇಲೆ ಗಟ್ಟಿಯಾಗಿ, ಹನ್ನೆರಡು ಉಂಡೆ ಸೇರಿ ಒಂದೇ ತಟ್ಟೆಯಾಗುತ್ತದೆ.

ಇಷ್ಟಾದ ಮೇಲೆ ಓವನ್ನನ್ನು ಆಟೋದಲ್ಲಿ ಹೇರಿಕೊಂಡು ನಿಮ್ಮ ಅಧಿಕೃತ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿ ನಡೆದ ಮಾತನ್ನು ಸಂಯಮದಿಂದ, ಸಾಧ್ಯವಾದಷ್ಟು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಕೌಂಟರಿನ ಹಿಂದೆ ಇನ್‌ಚಾರ್ಜ್. ಈಚೆ ಮಿಕ್ಸಿ ಜಾರ್ ಹಿಡಿದ ಒಬ್ಬ ಹೆಂಗಸು, ಇಸ್ತ್ರಿಪೆಟ್ಟಿಗೆ ತಂದ ಇಬ್ಬರು ಹುಡುಗರು, ಗ್ರೈಂಡರ್ ಬೆಲ್ಟಿಗೆ ಕಾದಿದ್ದ ಒಬ್ಬ ಯಜಮಾನರು.

"ಏನ್ ಸಾರ್ ಪ್ರಾಬ್ಲಮ್ಮು?"

"180ಕ್ಕೆ ಇಟ್ರೆ 140 ಬರ್ತಿದೆ."

"ಯಾರು ಹೇಳಿದ್ದು?"

"ಥರ್ಮಾಮೀಟರ್."

"ಮೇಡಂ ಬಂದಿಲ್ವಾ?"

"ಯಾವ ಮೇಡಂ?"

"ಮನೇಲಿ ಅಡುಗೆ ಮಾಡೋರು ಸಾರ್. ಅವ್ರನ್ನ ಕರ್ಕೊಂಬಂದ್ರೆ ಹೆಂಗ್ ಯೂಸ್ ಮಾಡ್ಬೇಕು ಅಂತ ತೋರಿಸ್ಬಿಡ್ತೀವಿ. ನಿಮಗ್ ಹೇಳಿದ್ರೆ ನೀವು ಮನೆಗೋಗಿ ಇನ್ನೊಂಥರ ಹೇಳ್ತೀರಾ."

"ಕೇಕ್ ಮಾಡೋದು ನಾನೇ."

ಇಸ್ತ್ರಿಪೆಟ್ಟಿಗೆಯ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್‌ಚಾರ್ಜ್ ಧ್ವನಿ ಏರಿಸಿ, ನನಗಿಂತ ಹೆಚ್ಚಾಗಿ ಸಾಲಿನಲ್ಲಿದ್ದವರಿಗೆ ಕೇಳಲೆಂದು, "ಯೂಟ್ಯೂಬ್ ನೋಡ್ಕೊಂಡು ಮಾಡ್ತೀರಾ ಸಾರ್?" ಎಂದರು. ನಿಮ್ಮ ಪುಸ್ತಿಕೆ ನೋಡಿ ಎಂದೆ. "ಪ್ರೀಹೀಟ್ ಎಷ್ಟೊತ್ತು?" ಹತ್ತು ನಿಮಿಷ ಎಂದೆ. "ಅಷ್ಟೊತ್ತು ಯಾಕ್ ಸಾರ್? ಅದಕ್ಕೇ ಹಾಳಾಗೋದು!" ಹತ್ತು ನಿಮಿಷ ಎಂದಿರುವುದು ನಿಮ್ಮ ಕೈಪಿಡಿಯಲ್ಲಿ, ದಪ್ಪ ಅಕ್ಷರದಲ್ಲಿ. ಆಮೇಲೆ ವೋಲ್ಟೇಜಿನ ಸರದಿ. "ನಿಮ್ ಏರಿಯಾ ಲೋ ವೋಲ್ಟೇಜು, ಅದಕ್ಕೇ ಒಂದ್ಸಲ ಜಾಸ್ತಿ ಒಂದ್ಸಲ ಕಮ್ಮಿ." 230 ವೋಲ್ಟಿನಲ್ಲಿ 1500 ವ್ಯಾಟ್ ಎಳೆಯುವ ರಾಡು 200 ವೋಲ್ಟಿನಲ್ಲಿ ಸುಮಾರು 1130 ವ್ಯಾಟ್ ಎಳೆಯುತ್ತದೆ. ಓವನ್ ನಿಧಾನ ಕಾಯುತ್ತದೆ, ಅಷ್ಟೆ. ಯಾವ ಡಿಗ್ರಿಯಲ್ಲಿ ಆರಬೇಕು ಎಂಬುದನ್ನು ವೋಲ್ಟೇಜ್ ತೀರ್ಮಾನಿಸುವುದಿಲ್ಲ, ಬಲ್ಬ್ ತೀರ್ಮಾನಿಸುತ್ತದೆ. ಲೋ ವೋಲ್ಟೇಜಿನಿಂದ ಶಾಖ ಹೆಚ್ಚಾಗುವ ಓವನ್ನು ನಿಮ್ಮಲ್ಲಿದ್ದರೆ ದಯವಿಟ್ಟು ಪೇಟೆಂಟ್ ಮಾಡಿಸಿ, ಬೆಸ್ಕಾಂ, ಸೆಸ್ಕ್ ಎಲ್ಲರೂ ಕೊಳ್ಳುತ್ತಾರೆ.

ಇದನ್ನು ಹೇಳಿದ್ದೇ ತಪ್ಪಾಯಿತೇನೋ. "ಸಾರ್ ಇಂಜಿನಿಯರ್ರಾ?" ಎಂದು ಕೇಳಿ, ಹುಡುಗನೊಬ್ಬನನ್ನು ಕರೆದು ಎರಡು ಸ್ಲೈಸ್ ಬ್ರೆಡ್ ತರಿಸಿದರು. ಓವನ್ನನ್ನು ಕೌಂಟರಿನ ಮೇಲೇ ಇಟ್ಟು, ಡಯಲನ್ನು ಕೊನೆಗೆ, 250ಕ್ಕೆ ತಿರುಗಿಸಿ, ಬ್ರೆಡ್ ಒಳಗಿಟ್ಟರು. ಎಲ್ಲರೂ ನೋಡುತ್ತಿದ್ದೆವು. ಐದಾರು ನಿಮಿಷಕ್ಕೆ ಬ್ರೆಡ್ ಕೆಂಪಾಯಿತು. ಅದನ್ನು ಎತ್ತಿ ಹಿಡಿದು, ಸಾಲಿನವರಿಗೆಲ್ಲ ತೋರಿಸಿ, "ನೋಡಿ ಸಾರ್, ಆಯ್ತಲ್ಲ! ಇನ್ನೇನ್ ಬೇಕು?" ಎಂದರು. ಒಂದು ಪೇಪರ್ ತಟ್ಟೆಯಲ್ಲಿ ಹಾಕಿ ನನ್ನ ಕೈಗೇ ಕೊಟ್ಟು, "ಜಾಮ್ ಹಚ್ಕೊಂಡು ತಿನ್ನಿ" ಎಂದರು. ಗ್ರೈಂಡರಿನ ಯಜಮಾನರೂ ನಕ್ಕರು.

ಬ್ರೆಡ್ ಕೆಂಪಾದದ್ದು ರಾಡ್ ಕೆಂಪಾದ್ದರಿಂದ. ರಾಡ್ ಕಾಯುತ್ತದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ನಾನು ರಾಡಿನ ದೂರು ಕೊಟ್ಟೇ ಇಲ್ಲ. 250ರಲ್ಲಿಟ್ಟ ಥರ್ಮೋಸ್ಟಾಟ್ ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಆರಲಿಲ್ಲ, ಆರಿದಾಗಲಷ್ಟೇ ಅದರ ಗುಣದೋಷ ಗೊತ್ತಾಗುವುದು. ಬ್ರೇಕ್ ಹಿಡಿಯುತ್ತಿಲ್ಲ ಎಂದು ಗ್ಯಾರೇಜಿಗೆ ತಂದ ಗಾಡಿಯ ಹಾರನ್ ಹೊಡೆದು ತೋರಿಸಿದಂತಾಯಿತು ಇದು. ಊರೂರಿಗೆ ಅಯ್ಯಂಗಾರ್ ಬೇಕರಿ ಇಟ್ಟವರ ಜಿಲ್ಲೆಯಲ್ಲಿ ಓವನ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ದಾರಿ ನಿಮಗೆ ಹೊಳೆಯಲಿಲ್ಲವೇ?

ಕೊನೆಗೆ ಸಿಕ್ಕ ಪರಿಹಾರ: "180 ಬೇಕಂದ್ರೆ 220ಕ್ಕೆ ಇಡಿ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ." ಬಲ್ಬ್ ಕ್ಲಿಪ್ಪಿನಲ್ಲಿಲ್ಲ. ಓವನ್ ಜರುಗಿಸಿದಾಗಲೆಲ್ಲ ಅದೂ ಜರುಗುತ್ತದೆ. ಇವತ್ತಿನ 40 ಡಿಗ್ರಿ ನಾಳೆ 20 ಆದೀತು, 60 ಆದೀತು. ಯಾವುದಕ್ಕೆಂದು ಅಡ್ಜಸ್ಟ್ ಮಾಡಿಕೊಳ್ಳುವುದು?

ಈ ಸೇವೆಗೆ ಪರೀಕ್ಷಾ ಶುಲ್ಕ 300, ಜಿಎಸ್‌ಟಿ 54. ಜಾಬ್ ಕಾರ್ಡಿನ ಕೆಲಸದ ವಿವರದ ಜಾಗದಲ್ಲಿ 'ನೋ ಫಾಲ್ಟ್' ಎಂದೂ, ಅದರ ಕೆಳಗೆ 'ಕಸ್ಟಮರ್ ಎಜುಕೇಟೆಡ್' ಎಂದೂ ಬರೆದಿದ್ದಾರೆ. ಟೆಕ್ನಿಷಿಯನ್ ಕೊಳವೆ ಬಗ್ಗಿಸಿದ ಹಳೆಯ ಜಾಬ್ ಕಾರ್ಡಿನಲ್ಲಿ 'ಥರ್ಮೋಸ್ಟಾಟ್ ಅಡ್ಜಸ್ಟೆಡ್' ಎಂದಿದೆ. ದೋಷವೇ ಇಲ್ಲದ ಥರ್ಮೋಸ್ಟಾಟನ್ನು ಅಡ್ಜಸ್ಟ್ ಮಾಡಿದ್ದೇಕೆ? ಎರಡೂ ಕಾರ್ಡು ನಿಮ್ಮವೇ, ಎರಡರ ಮೇಲೂ ನಿಮ್ಮ ಸೀಲೇ ಇದೆ. ಯಾವುದು ಸುಳ್ಳು ಎಂಬುದನ್ನು ನಿಮ್ಮೊಳಗೇ ಮಾತಾಡಿಕೊಂಡು ತಿಳಿಸಿ.

ಬೇಕಿರುವುದು ಹೊಸ ಥರ್ಮೋಸ್ಟಾಟ್, ಕೊಳವೆ ಬಲ್ಬ್ ಸಮೇತ, ಕ್ಲಿಪ್ ಹಾಕಿ. ಹಾಕಿದ ಮೇಲೆ ನನ್ನೆದುರಿಗೇ 150, 180, 200 ಮೂರು ಕಡೆ ಖಾಲಿ ಓವನ್ನಿನಲ್ಲಿ ಅಳತೆ, ಪ್ರತಿಯೊಂದಕ್ಕೂ ದೀಪ ಕಡಿಮೆಯೆಂದರೆ ಮೂರು ಸಲ ಆರಿ ಹತ್ತಿದ ಮೇಲೆ. 354 ರೂಪಾಯಿ ವಾಪಸ್. ಜಾಬ್ ಕಾರ್ಡಿನ 'ಕಸ್ಟಮರ್ ಎಜುಕೇಟೆಡ್' ಎಂಬ ಆ ಎರಡು ಪದ ರದ್ದು, ಅದೂ ಲಿಖಿತದಲ್ಲಿ. ಪತ್ರ ತಲುಪಿದ 15 ದಿನದೊಳಗೆ.

ವಾರಂಟಿ ಮುಂದಿನ ತಿಂಗಳು ಮುಗಿಯುತ್ತದೆ, ಅಲ್ಲಿಯವರೆಗೆ ಎಳೆದರೆ ಸಾಕೆಂಬ ಲೆಕ್ಕ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರಿಗೆ ಎರಡು ವರ್ಷ ಅವಕಾಶವಿದೆ. ನಿಮ್ಮ ಹೆಡ್ ಆಫೀಸ್ ಎಲ್ಲೇ ಇರಲಿ, ನಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಓವನ್ನಿನ ಬೆಲೆ 7,490. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿಯೂ ಆಗಿದೆ. ನಾನು ಮುಖ್ಯವಾಗಿ ಕೇಳಲಿರುವುದು ಕಲಂ 38ರ ಅಡಿಯ ಪ್ರಯೋಗಾಲಯ ಪರೀಕ್ಷೆಯನ್ನು. ಓವನ್ನನ್ನು ಸೀಲ್ ಮಾಡಿ ಲ್ಯಾಬಿಗೆ ಕಳಿಸುತ್ತಾರೆ, ವರದಿ ಬರೆಯುತ್ತಾರೆ. ಅದರ ಖರ್ಚಿಗೆ ದುಡ್ಡು ತೆಗೆದಿಟ್ಟಿದ್ದೇನೆ. ಅಲ್ಲಿ ಬ್ರೆಡ್ ತರಿಸುವ ಪದ್ಧತಿ ಇರಲಾರದು.

ಅಲ್ಲಿಯವರೆಗೆ ಸುಮ್ಮನಿರುತ್ತೇನೆ ಎಂದೂ ಭಾವಿಸಬೇಡಿ. ಮನೆಯಲ್ಲೇ ಬಿಸ್ಕತ್ತು, ಕೇಕು ಮಾಡುವವರ ವಾಟ್ಸಾಪ್ ಗುಂಪು ನಮ್ಮ ಊರಿನಲ್ಲಿದೆ. ಕ್ರಿಸ್‌ಮಸ್‌ಗೆ ಮುಂಚೆ ಓವನ್ ಕೊಳ್ಳುವವರು ಅಲ್ಲಿ ಪ್ರತಿದಿನ ಮಾಡೆಲ್ ಹೆಸರು ಕೇಳುತ್ತಾರೆ. ಸಕ್ಕರೆ ಪರೀಕ್ಷೆ ಮಾಡುವುದು ಹೇಗೆಂದು ಅವರಿಗೆಲ್ಲ ಬರೆದು ಹಾಕಿದ್ದೇನೆ. ನಿಮ್ಮ ಓವನ್ ಈಗಾಗಲೇ ಮನೆಯಲ್ಲಿರುವ ಕೆಲವರು ಇಂದು ಸಂಜೆ ಮಾಡಿ ನೋಡುತ್ತಾರಂತೆ. ಫಲಿತಾಂಶಗಳನ್ನು, ಜಾಬ್ ಕಾರ್ಡುಗಳ ಪ್ರತಿಯ ಜೊತೆ, ನಿಮ್ಮ ಡೀಲರುಗಳಿಗೂ ಕಳಿಸುವವನಿದ್ದೇನೆ.

ಈ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಬರುತ್ತಿದೆ. ಸಹಿ ಹಾಕಿ ತೆಗೆದುಕೊಳ್ಳಿ. ನಮ್ಮ ಕಡೆಯಿಂದ ಒಟಿಪಿ ಕೇಳುವುದಿಲ್ಲ.

ಇತಿ,
ಹಾಸನದ ನಿಮ್ಮ ಗ್ರಾಹಕ