ಬಲಗಣ್ಣಿನ ಗುಟ್ಟು

ಪ್ರೀತಿಯ ಲೆಫ್ಟ್ ಔಟ್,

ಇವತ್ತು ಬರೆಯುತ್ತಿರುವುದು ವಿಲ್ಲಿ ಓ'ರೀ ಬಗ್ಗೆ. ನಮ್ಮ ಹಾಕಿ ಅಲ್ಲ, ಐಸ್ ಹಾಕಿ. ಮುಖ ಸಿಂಡರಿಸಬೇಡ ಮಾರಾಯ, ಪೂರ್ತಿ ಓದು.

ಅವರು ಕೆನಡಾದ ಫ್ರೆಡೆರಿಕ್ಟನ್ ಊರಿನವರು. 1935ರಲ್ಲಿ ಹುಟ್ಟಿದ್ದು, 13 ಮಕ್ಕಳಲ್ಲಿ ಕೊನೆಯವರು. 1958ರ ಜನವರಿ 18ರಂದು ಅಮೆರಿಕದ ಬಾಸ್ಟನ್ ಬ್ರೂಯಿನ್ಸ್ ತಂಡದ ಪರ ಮಾಂಟ್ರಿಯಲ್‌ನಲ್ಲಿ ಮಂಜಿನ ಅಂಗಳಕ್ಕೆ ಇಳಿದರು. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಅವರೇ. ಅವತ್ತು ಬಾಸ್ಟನ್ 3-0 ಗೋಲುಗಳಿಂದ ಗೆದ್ದಿತು. ಆ ಲೀಗ್‌ನಲ್ಲಿ ಅವರು ಆಡಿದ್ದು ಒಟ್ಟು 45 ಪಂದ್ಯ, ಹೊಡೆದದ್ದು 4 ಗೋಲು. ಇಷ್ಟೇನಾ ಅಂತೀಯ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಆಮೇಲೆ ಆ ಕಣ್ಣಿನ ವಿಷಯ ಓದಿದೆ. ಎನ್‌ಎಚ್‌ಎಲ್‌ಗೆ ಬರುವ ಮುಂಚೆ, ಜೂನಿಯರ್ ಆಟಗಾರನಾಗಿದ್ದಾಗ, ಒಂದು ಪಕ್ ಬಂದು ಬಲಗಣ್ಣಿಗೆ ಬಡಿದಿತ್ತು. ಪಕ್ ಅಂದರೆ ಗಟ್ಟಿ ರಬ್ಬರಿನ ಬಿಲ್ಲೆ. ಆಗ ಮುಖಕ್ಕೆ ಜಾಲರಿ ಹಾಕುವ ರೂಢಿ ಎಲ್ಲಿತ್ತು? ಆ ಕಣ್ಣಿನ ದೃಷ್ಟಿ ಶೇ. 95ರಷ್ಟು ಹೋಯಿತು. ಇನ್ನು ಆಡುವ ಹಾಗಿಲ್ಲ ಅಂದರು ಡಾಕ್ಟರ್. ಒಂದು ಕಣ್ಣು ಕಾಣದವರನ್ನು ಎನ್‌ಎಚ್‌ಎಲ್ ನಿಯಮವೇ ಒಳಗೆ ಬಿಡುತ್ತಿರಲಿಲ್ಲ. ಓ'ರೀ ತಂಡದವರಿಗೆ ಏನೂ ಹೇಳಲಿಲ್ಲ. ಸುಮ್ನೆ ಆಡಿದರು.

ಅದೂ ಎಲ್ಲಿ? ಲೆಫ್ಟ್ ವಿಂಗ್‌ನಲ್ಲಿ, ನಮ್ಮ ಹಾಕಿಯಲ್ಲಿ ನೀನು ಆಡುವ ಲೆಫ್ಟ್ ಔಟ್ ಥರದ ಜಾಗದಲ್ಲಿ! ನಿನಗೆ ಬಿಡಿಸಿ ಹೇಳಬೇಕಾ? ಎಡಗಡೆ ಗೆರೆಯ ಪಕ್ಕ ಓಡುವವನಿಗೆ ಪಾಸ್ ಬರುವುದು ಬಲಗಡೆಯಿಂದ. ಗುದ್ದಲು ಬರುವವನೂ ಆ ಕಡೆಯಿಂದಲೇ. ಅವರಿಗೆ ಆ ಕಡೆ ಪೂರ್ತಿ ಕತ್ತಲು. ಪಕ್ ಎಲ್ಲಿದೆ ಅಂತ ನೋಡಲು ಬಲಭುಜದ ಮೇಲಿಂದ ಕತ್ತು ಇಡೀ ತಿರುಗಿಸಬೇಕಿತ್ತು. ಆ ವೇಗದಲ್ಲಿ, ಪ್ರತಿ ಸಲ. ಶಿಕಾಗೊದಲ್ಲಿ ಎದುರಾಳಿಯೊಬ್ಬ ಸ್ಟಿಕ್‌ನ ತುದಿಯಿಂದ ಮುಖಕ್ಕೆ ತಿವಿದು ಮುಂದಿನ ಎರಡು ಹಲ್ಲು ಉದುರಿಸಿದ. ಮೈಬಣ್ಣ ಎತ್ತಿ ಬೈಯುವ ಪ್ರೇಕ್ಷಕರು ಬೇರೆ. ಇಷ್ಟರ ನಡುವೆ ಆ 4 ಗೋಲು ಕಣೋ.

ಮುಂದೆ ಲಾಸ್ ಏಂಜಲೀಸ್‌ನಲ್ಲಿ, ಬೇರೆ ಲೀಗ್‌ನಲ್ಲಿ, ಅವರನ್ನು ರೈಟ್ ವಿಂಗ್‌ಗೆ ಹಾಕಿದರು. ಈಗ ಆಟವೆಲ್ಲ ಒಳ್ಳೆಯ ಕಣ್ಣಿನ ಕಡೆ. 1964-65ರಲ್ಲಿ 38 ಗೋಲು ಹೊಡೆದರು! ಆ ಸಾಲು ಓದಿ ಎದ್ದು ಮನೆಯೊಳಗೆ ಒಂದು ಸುತ್ತು ಹಾಕಿದೆ.

ಯಾಕೆ ಅಂದರೆ, ನನ್ನ ಎಡಗಿವಿ ಕೇಳಿಸುವುದಿಲ್ಲ. ನಾಲ್ಕು ವರ್ಷವಾಯಿತು. ನಿನಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಹೋಟೆಲಿನಲ್ಲಿ ಯಾವಾಗಲೂ ಗೋಡೆಯನ್ನು ಎಡಕ್ಕೆ ಹಾಕಿಕೊಂಡು ಕೂರುತ್ತೇನೆ, ನೋಡಿದ್ದೀಯಾ? ಮೀಟಿಂಗ್‌ನಲ್ಲಿ ಮೊದಲೇ ಹೋಗಿ ಮೇಜಿನ ಎಡತುದಿ ಹಿಡಿಯುತ್ತೇನೆ. ಕೇಳಿಸದಿದ್ದರೆ ತುಟಿ ನೋಡಿ ನಗುತ್ತೇನೆ. ಯಾರದೋ ಸಾವಿನ ಸುದ್ದಿಗೂ ಒಮ್ಮೆ ಹಾಗೇ ನಕ್ಕುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಕಳೆದ ಡಿಸೆಂಬರ್ ಮ್ಯಾಚ್ ನೆನಪಿದೆಯಾ? ಎಡಗಡೆಯಿಂದ ಎರಡು ಸಲ ಪಾಸ್ ಕೇಳಿದೆಯಂತೆ. ನಾನು ಕೊಡಲಿಲ್ಲ. ಕೇಳಿಸಿಯೂ ಕೊಡಲಿಲ್ಲ ಅಂತ ಮೂರು ವಾರ ಫೋನ್ ಮಾಡಲಿಲ್ಲ ನೀನು. ನನಗೆ ಕೇಳಿಸಲೇ ಇಲ್ಲ ಕಣೋ. ಅದನ್ನು ಹೇಳುವುದಕ್ಕಿಂತ ಸ್ವಾರ್ಥಿ ಅನ್ನಿಸಿಕೊಳ್ಳುವುದೇ ಸುಲಭ ಅನ್ನಿಸಿತು ಅವತ್ತು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಓ'ರೀ ಕಥೆ ಮುಗಿಸುತ್ತೇನೆ. 1979ರವರೆಗೂ ಆಡಿದರು. 2018ರಲ್ಲಿ ಹಾಲ್ ಆಫ್ ಫೇಮ್, ಅಂದರೆ ಐಸ್ ಹಾಕಿ ದಿಗ್ಗಜರ ಗೌರವ ಪಟ್ಟಿ, ಸೇರಿದರು. 2022ರಲ್ಲಿ, ಅದೇ ಜನವರಿ 18ಕ್ಕೆ, ಬಾಸ್ಟನ್‌ನವರು ಅವರ 22ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಗೌರವದಿಂದ ಅಂಗಳದ ಮೇಲೆ ನೇತುಹಾಕಿದರು. ಕೋವಿಡ್ ಕಾಲವಾದ್ದರಿಂದ ಅವರು ಸ್ಯಾನ್ ಡಿಯೇಗೊದಿಂದಲೇ ಪರದೆಯ ಮೇಲೆ ಬಂದು ಮಾತಾಡಿದರು. 86 ವರ್ಷ ಆಗ.

ಹಬ್ಬಕ್ಕೆ ಊರಿಗೆ ಬರ್ತೀನಿ. ಹಳೇ ಶೂ ತೆಗೆದಿಡು, ಅಮ್ಮನಿಗೆ ಅಕ್ಕಿ ರೊಟ್ಟಿ ಅಂತ ಈಗಲೇ ಹೇಳಿಬಿಡು. ಪಾಸ್ ಬೇಕಾದರೆ ಕೂಗಬೇಡ, ಸ್ಟಿಕ್ ಮೇಲೆತ್ತು. ನೋಡ್ತಾ ಇರ್ತೀನಿ.

ನಿನ್ನ,
ಸೆಂಟರ್ ಫಾರ್ವರ್ಡ್