ಡಬ್ಬಿ ಅಲ್ಲಾಡಿಸೋದೂ ವಿಜ್ಞಾನವೇ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮಕ್ಕಳ ವಿಜ್ಞಾನ ಮೇಳಕ್ಕೆ ಒಂಬತ್ತನೇ ಕ್ಲಾಸಿನ ನನ್ನ ಮಗಳು ಒಂದು ಪ್ಲಾಸ್ಟಿಕ್ ಡಬ್ಬಿ ಒಯ್ದಿದ್ದಳು. ಒಳಗೆ ಐದು ಮೂಲೆಯ 12 ಬಿಲ್ಲೆ. ಅಲ್ಲಾಡಿಸಿದರೆ ಅವು ತಾವೇ ಕೂಡಿಕೊಂಡು ಚೆಂಡಾಗುತ್ತವೆ. ವೈರಸ್ಸಿನ ಚಿಪ್ಪು ಆಗುವುದೂ ಹೀಗೇ ಅಂತ ತೋರಿಸುವ ಮಾದರಿ. ತೀರ್ಪುಗಾರರು ನೋಡಿ, "ಇದರಾಗ ಮೋಟಾರ್ ಎಲ್ಲದವಾ? ವರ್ಕಿಂಗ್ ಮಾಡೆಲ್ ತರಬೇಕು" ಅಂದು ಮುಂದಿನ ಮೇಜಿಗೆ ಹೋದರು. ಪಕ್ಕದ ಜ್ವಾಲಾಮುಖಿಗೆ ಕೆಂಪು ದೀಪ ಇತ್ತು. ಬಹುಮಾನ ಅದಕ್ಕೇ.

ಸಿಟ್ಟಿಗೆ ಬರೆಯುತ್ತಿಲ್ಲ. (ಸ್ವಲ್ಪ ಸಿಟ್ಟೂ ಇದೆ, ಸುಳ್ಳೇಕೆ?) ಮೋಟಾರ್ ಇಲ್ಲದೇ ಆಗುತ್ತದೆ ಅಂತ ತೋರಿಸೋಕೇ ಅಲ್ವಾ ಅವಳು ಅದನ್ನು ಮಾಡಿದ್ದು?

ನಾನು ಶಹಾಪುರದಲ್ಲಿ ಟಿವಿ, ಮಿಕ್ಸಿ ರಿಪೇರಿ ಮಾಡುವವನು. ಬಿಲ್ಲೆಗಳ ಅಂಚನ್ನು ಓರೆಯಾಗಿ ಉಜ್ಜಿ, ಒಂದೊಂದು ಅಂಚಿಗೆ ಎರಡೆರಡು ಗುಂಡಿ ಮ್ಯಾಗ್ನೆಟ್ ಕೂರಿಸಿಕೊಟ್ಟವನು ನಾನೇ. ಒಟ್ಟು 120. ಮೊದಲು ಜಾಸ್ತಿ ಸೆಳೆತದವು ಹಾಕಿದೆ. ಕೆಲಸ ಕೆಟ್ಟಿತು. ಎರಡು ಬಿಲ್ಲೆ ಸೊಟ್ಟಗೆ ಕಚ್ಚಿಕೊಂಡರೆ ಮುಗೀತು, ಎಷ್ಟು ಅಲ್ಲಾಡಿಸಿದರೂ ಬಿಡವು. ಸೆಳೆತ ಕಡಿಮೆ ಇರುವವು ಹಾಕಿದ ಮೇಲೆ ತಪ್ಪಾಗಿ ಕೂತದ್ದು ಉದುರಿತು, ಸರಿಯಾಗಿ ಕೂತದ್ದು ಉಳಿಯಿತು. ಮಗಳು ಹೇಳಿದಳು, ವೈರಸ್ಸಿನ ಪ್ರೋಟೀನ್ ತುಣುಕುಗಳ ಹಿಡಿತವೂ ಸಡಿಲವೇ ಅಂತೆ. ಅಲ್ಲಿ ಅಲ್ಲಾಡಿಸೋಕೆ ಕೈ ಇಲ್ಲ, ನೀರಿನ ಕಣಗಳೇ ಗುದ್ದುತ್ತಿರುತ್ತವೆ. ಒಂದು ಕಡೆ ಹಿಡಿದರೆ ಬಿಟ್ಟುಹೋಗುತ್ತದೆ, ಸುತ್ತಲೂ ಹಿಡಿದರೆ ಜಗ್ಗುವುದಿಲ್ಲ.

1955ರಲ್ಲಿ ಅಮೆರಿಕದಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ವಿಲಿಯಮ್ಸ್ ಅನ್ನುವವರು ತಂಬಾಕಿಗೆ ಮೊಸಾಯಿಕ್ ರೋಗ ತರುವ ವೈರಸ್ಸಿನ ಪ್ರೋಟೀನ್, ಅದರ ವಂಶದ ಮಾಹಿತಿ ಹೊತ್ತ ಆರ್‌ಎನ್‌ಎ ಎರಡನ್ನೂ ಬೇರೆ ಮಾಡಿ, ಮತ್ತೆ ಬೆರೆಸಿಟ್ಟರು. ಕೋಲಿನಂಥ ವೈರಸ್ ತಾನೇ ಮತ್ತೆ ಕಟ್ಟಿಕೊಂಡಿತು. ಎಲೆಗೆ ಸವರಿದರೆ ರೋಗವೂ ಬಂತು! ಒಂದು ಕೋಲಿಗೆ ಸುಮಾರು 2,130 ತುಣುಕು, ಎಲ್ಲ ಒಂದೇ ಅಚ್ಚಿನವು. ಮೇಸ್ತ್ರಿ ಯಾರೂ ಇಲ್ಲ.

ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ಬರದಂತೆ ಹಾಕುವ ಲಸಿಕೆಯಲ್ಲೂ ಇದೇ ನಡೆಯುತ್ತದೆ. ಯೀಸ್ಟ್‌ನಿಂದ ಆ ಕ್ಯಾನ್ಸರ್ ತರುವ ವೈರಸ್ಸಿನ ಚಿಪ್ಪಿನ ಪ್ರೋಟೀನ್ ಮಾತ್ರ ಮಾಡಿಸುತ್ತಾರೆ. ಅದು ಐದೈದಾಗಿ ಸೇರಿ, ಅಂಥ 72 ಗೊಂಚಲು ಕೂಡಿ, ಟೊಳ್ಳು ಚೆಂಡಾಗುತ್ತದೆ. ಒಳಗೆ ವೈರಸ್ ಹೆಚ್ಚೋಕೆ ಬೇಕಾದ ಡಿಎನ್‌ಎ ಇಲ್ಲ, ರೋಗ ಬರೋಲ್ಲ. ಮೈ ಮಾತ್ರ ನಿಜವಾದ ವೈರಸ್ಸೇ ಬಂತೆಂದು ತಯಾರಾಗುತ್ತದೆ.

ಮುಂದಿನ ಮೇಳದಲ್ಲಿ ತೀರ್ಪುಗಾರರು ಡಬ್ಬಿಯನ್ನು ಒಮ್ಮೆ ಕೈಗೆ ತಗೊಳ್ಳಲಿ. ಅರ್ಧ ನಿಮಿಷ ಸಾಕು. ಹನ್ನೊಂದು ಕೂತು ಒಂದು ಹೊರಗೆ ಉಳಿದರೆ ಮಾತ್ರ ಇನ್ನೊಂದಿಷ್ಟು ಹೊತ್ತು ಅಲ್ಲಾಡಿಸಬೇಕು.

– ಟಿವಿ ರಿಪೇರಿಯವ, ಶಹಾಪುರ, ಯಾದಗಿರಿ ಜಿಲ್ಲೆ